ಮಚ್ಚು ಹಿಡಿದು ಬಂದವನಿಗೆ ತಿರುಗಿ ಹೊಡೆದರೆ ನನ್ನ ಮೇಲೂ ಕೇಸ್ ಆಗುತ್ತಾ?

ಬದುವಿನ ಜಗಳದಲ್ಲಿ ಪಕ್ಕದ ಹೊಲದವನು ಮಚ್ಚು ಹಿಡಿದು ಬಂದರೆ ಓಡಿಹೋಗಲೇಬೇಕಾ, ತಿರುಗಿ ಹೊಡೆಯಬಹುದಾ ಅಂತ ಕೇಳಿದ್ದೀರಿ. ನಾನು ಕ್ರಿಮಿನಲ್ ಕೇಸು ನಡೆಸುವ ವಕೀಲ. ಇಂಥ ಕೇಸುಗಳು ನಮ್ಮಲ್ಲಿ ಬರುತ್ತಲೇ ಇರುತ್ತವೆ.

ಓಡಲೇಬೇಕು ಅಂತ ಕಾನೂನು ಹೇಳುವುದಿಲ್ಲ. ಮೊದಲ ಏಟು ಬೀಳುವವರೆಗೆ ಕಾಯಬೇಕಾಗಿಯೂ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಕಲಂಗಳಲ್ಲಿ ಈ ಆತ್ಮರಕ್ಷಣೆಯ ಹಕ್ಕಿನ ವಿವರವೆಲ್ಲ ಇದೆ. ಪ್ರಾಣ ಹೋಗಬಹುದು ಅಥವಾ ತೀವ್ರ ಗಾಯ ಆಗಬಹುದು ಎಂಬ ಭಯಕ್ಕೆ ನಿಜವಾದ ಕಾರಣವಿದ್ದರೆ, ನಿಮ್ಮ ಏಟಿಗೆ ಎದುರಾಳಿ ಸತ್ತರೂ ಅದು ಅಪರಾಧವಲ್ಲ. ನಿಮ್ಮನ್ನಷ್ಟೇ ಅಲ್ಲ, ಬೇರೆಯವರನ್ನು ಉಳಿಸಲೂ ಈ ಹಕ್ಕಿದೆ. ದರ್ಶನ್ ಸಿಂಗ್ ಎಂಬ ಪಂಜಾಬಿನ ಪ್ರಕರಣವೂ ಜಮೀನಿನ ಜಗಳವೇ. ಅಪ್ಪನ ಮೇಲೆ ಹಲ್ಲೆಯಾದಾಗ ಮಗ ಗುಂಡು ಹಾರಿಸಿದ್ದ. 2010ರಲ್ಲಿ ಸುಪ್ರೀಂ ಕೋರ್ಟ್ ಅವನನ್ನು ಬಿಡುಗಡೆ ಮಾಡಿತು. ಜೀವಭಯದಲ್ಲಿರುವವನು ಕೊಡುವ ಏಟನ್ನು ತಕ್ಕಡಿಯಲ್ಲಿಟ್ಟು ತೂಗಲಾಗದು ಎಂಬುದು ನ್ಯಾಯಾಲಯಗಳ ನಿಲುವು.

ಆದರೆ ಅಪಾಯ ಮುಗಿದ ಕ್ಷಣ ಹಕ್ಕೂ ಮುಗಿಯುತ್ತದೆ. ಜನ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಅವನು ಮಚ್ಚು ಬಿಸಾಕಿ ಓಡಿದ ಅಂದುಕೊಳ್ಳಿ. ಅಟ್ಟಿಸಿಕೊಂಡು ಹೋಗಿ ಹೊಡೆದರೆ ಅದು ರಕ್ಷಣೆಯಲ್ಲ, ಸೇಡು. ಡಾಕ್ಟರು ಬರೆಯುವ ವೂಂಡ್ ಸರ್ಟಿಫಿಕೇಟ್‌ನಲ್ಲಿ ಇದು ಗೊತ್ತಾಗಿಬಿಡುತ್ತದೆ. ಮಚ್ಚು ಹಿಡಿದ ಕೈಗೆ ಒಂದು ಏಟು ಬಿದ್ದಿದ್ದರೆ ನಾವು ವಾದ ಮಾಡಬಹುದು. ಬೆನ್ನಿಗೆ, ತಲೆಯ ಹಿಂಭಾಗಕ್ಕೆ ನಾಲ್ಕೈದು ಏಟಿದ್ದರೆ ತುಂಬಾ ಕಷ್ಟ. ಒಳ್ಳೆಯ ಉದ್ದೇಶದಿಂದಲೇ ಮಿತಿ ಮೀರಿ ಕೊಂದಿದ್ದರೆ ಕೊಲೆ ಆರೋಪ ಕೆಳಗಿಳಿಯಬಹುದು, ಶಿಕ್ಷೆ ಪೂರ್ತಿ ತಪ್ಪುವುದಿಲ್ಲ.

ಇನ್ನೊಂದು ವಿಷಯ. 'ನಾಳೆ ನಿನ್ನ ನೋಡ್ಕೋತೀನಿ' ಅಂತ ಅವನು ಬೆದರಿಸಿದರೆ ಪೊಲೀಸರ ಬಳಿ ಹೋಗಲು ನಿಮಗೆ ಸಮಯ ಇದೆ, ಅಲ್ವಾ? ಬೆಳಗ್ಗೆ ದೊಣ್ಣೆ ಹಿಡಿದು ಅವನ ಮನೆಗೇ ಹೋದರೆ ಈ ಹಕ್ಕು ನಿಮಗೆ ಸಿಗುವುದಿಲ್ಲ. ಎರಡೂ ಕಡೆಯವರು ಸಜ್ಜಾಗಿ ಬಂದು ಹೊಡೆದಾಡಿದರೂ ಸಾಮಾನ್ಯವಾಗಿ ಅಷ್ಟೇ.

ಕೇಸ್ ಮಾತ್ರ ಆಗಬಹುದು. ಇಂಥ ಜಗಳದಲ್ಲಿ ಕೌಂಟರ್ ಕೇಸ್, ಅಂದರೆ ಎದುರಾಳಿಯೂ ನಿಮ್ಮ ಮೇಲೆ ಹಾಕುವ ಕೇಸ್, ಬೀಳುವುದು ಮಾಮೂಲು. ಹೆದರಬೇಡಿ. ಆತ್ಮರಕ್ಷಣೆಯನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹಾಗೆ ನಡೆದಿರುವ ಸಾಧ್ಯತೆಯೇ ಹೆಚ್ಚು ಅಂತ ಕಂಡರೆ ಸಾಕು. ಹಾಗಾಗಿ ನಿಮ್ಮ ಗಾಯ ಸಣ್ಣದಾದರೂ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಯಾರು ಯಾವುದರಿಂದ ಹೊಡೆದರು ಅಂತ ಬರೆಸಿ. ಅವನ ಮಚ್ಚು ಸ್ಥಳದಲ್ಲೇ ಬಿದ್ದಿದ್ದರೆ ಮುಟ್ಟಬೇಡಿ. ಪೊಲೀಸರು ಬಂದು ಮಹಜರು ಮಾಡಿ ಅದನ್ನು ವಶಕ್ಕೆ ತೆಗೆದುಕೊಳ್ಳಲಿ.