ಗುಜರಿಗೋ, ಆ್ಯಪಿಗೋ? ಹಳೆ ಸಾಮಾನು ಮಾರುವವರ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹಳೆ ಸಾಮಾನು ಮಾರುವುದರದ್ದೇ ಸುದ್ದಿ ಜಾಸ್ತಿ. ನಾನು ಕೇರಳದ ಕಾಸರಗೋಡು ಜಿಲ್ಲೆಯ ನೀರ್ಚಾಲಿನಲ್ಲಿ ಹೊಲಿಗೆ ಕ್ಲಾಸು ನಡೆಸುವವಳು. ಕಲಿತು ಹೋಗುವ ಹುಡುಗಿಯರಿಗೆ ಹಳೆ ಮೆಷೀನು ಹುಡುಕಿ ಕೊಡುವುದು, ಬೇಡವಾದವರದ್ದನ್ನು ಮಾರಿಸಿ ಕೊಡುವುದು ಎಷ್ಟೋ ವರ್ಷದಿಂದ ನನ್ನ ಕೆಲಸದ ಜೊತೆಗೇ ನಡೆದುಕೊಂಡು ಬಂದಿದೆ. ಮೊದಲು ಬಾಯಿಂದ ಬಾಯಿಗೆ ಹೇಳಿ ಮಾರುತ್ತಿದ್ದೆ, ಈಗ ಹಳೆ ಸಾಮಾನು ಮಾರುವ ಮೊಬೈಲ್ ಆ್ಯಪಿನಲ್ಲಿ.

ಪ್ರಶ್ನೆ: ನಮ್ಮದು ಹಳೆ ಹೆಂಚಿನ ಮನೆ. ಮಗ ಮಂಗಳೂರಿನಲ್ಲಿ ಫ್ಲ್ಯಾಟ್ ತೆಗೆದುಕೊಂಡಿದ್ದಾನೆ, ಮಳೆಗಾಲಕ್ಕೆ ಮೊದಲು ನಾವೂ ಅಲ್ಲಿಗೆ ಹೋಗುವವರು. ಹಲಸಿನ ಮರದ ಕಪಾಟು, ತುಳಿಯುವ ಹೊಲಿಗೆ ಮೆಷೀನು, ಫ್ರಿಜ್ಜು, ಮಿಕ್ಸಿ, ಅಡಿಕೆ ಸುಲಿಯುವ ಮೆಷೀನು, ಮದ್ದು ಬಿಡುವ ಪಂಪು ಎಲ್ಲ ಮಾರಬೇಕು. ಆ್ಯಪಲ್ಲಿ ಹಾಕಮ್ಮಾ ಅಂತ ಮಗ. ಗುಜರಿಯವನನ್ನು ಕರೆದು ಒಟ್ಟಿಗೆ ಕೊಟ್ಟುಬಿಡು ಅಂತ ಇವರು. ಯಾರ ಮಾತು ಕೇಳಲಿ? (ಗೃಹಿಣಿ, ಪೆರ್ಲ)

ಅಕ್ಕಾ, ಎಲ್ಲವನ್ನೂ ಒಂದೇ ರಾಶಿ ಮಾಡಬೇಡಿ. ಒಂದೊಂದು ಸಾಮಾನಿನ ಮುಂದೆ ನಿಂತು, ಇದನ್ನೇ ಹುಡುಕಿಕೊಂಡು ತಿರುಗುವವರು ಯಾರಾದರೂ ಇದ್ದಾರಾ ಅಂತ ಯೋಚನೆ ಮಾಡಿ. ಇದ್ದರೆ ಆ್ಯಪಿಗೆ ಹಾಕಿ. ಇಲ್ಲದಿದ್ದರೆ ಆ್ಯಪಿನ ಸಹವಾಸವೇ ಬೇಡ. ಆ್ಯಪು ಸಾಮಾನಿನ ಬೆಲೆ ಏರಿಸುವುದಿಲ್ಲ. ಅದು ಬೇಕಾದ ಒಬ್ಬರನ್ನು ಎಲ್ಲಿಂದಲೋ ಹುಡುಕಿ ನಿಮ್ಮ ಜಗಲಿಗೆ ತಂದು ನಿಲ್ಲಿಸುತ್ತದೆ, ಅಷ್ಟೆ. ಆದರೆ ಆ ಒಬ್ಬರು ಸಿಕ್ಕಿದರೆ ಬೆಲೆ ತನ್ನಿಂದ ತಾನೇ ಬರುತ್ತದೆ.

ನಿಮ್ಮ ಮಿಕ್ಸಿಗೆ ಅಂಥವರು ಇಲ್ಲ. ಹತ್ತು ವರ್ಷದ ಮಿಕ್ಸಿಯ ಫೋಟೋ ಹಾಕಿ "ಲಾಸ್ಟ್ ಎಷ್ಟು?" ಎಂದು ಕೇಳುವವರಿಗೆಲ್ಲ ಉತ್ತರ ಕೊಡುವಷ್ಟರಲ್ಲಿ ನಿಮಗೆ ಸಾಕುಬೇಕಾಗುತ್ತದೆ. ಅದನ್ನು ಕೆಲಸಕ್ಕೆ ಬರುವವರಿಗೆ ಕೊಡಿ. ಫ್ರಿಜ್ಜಿನದ್ದೂ ಹೆಚ್ಚು ಕಡಿಮೆ ಇದೇ ಕಥೆ. ಮಂಗಳೂರಿಗೆ ಹೋದ ಮೇಲೆ ಹೊಸದು ತೆಗೆದುಕೊಳ್ಳುವ ಯೋಚನೆ ಇದ್ದರೆ ಅಂಗಡಿಯವರ ಎಕ್ಸ್‌ಚೇಂಜ್ ಕೇಳಿ. ಓಣಂ, ವಿಷು ಹೊತ್ತಿಗೆ ನಮ್ಮ ಕಡೆಯ ಅಂಗಡಿಗಳಲ್ಲೂ ಎಕ್ಸ್‌ಚೇಂಜ್ ಇರುತ್ತದೆ. ಆ್ಯಪಲ್ಲಿ ನಾಲ್ಕು ಕಾಸು ಜಾಸ್ತಿ ಸಿಕ್ಕೀತು, ಆದರೆ ಎತ್ತಲು ಇಬ್ಬರು ಆಳು ಬೇಕು, ಪಿಕಪ್ಪಿನ ಬಾಡಿಗೆ ಯಾರು ಕೊಡುವುದು ಎಂಬ ಜಗಳ ಬೇರೆ. ಎಕ್ಸ್‌ಚೇಂಜಿನಲ್ಲಿ ಹೊರುವ ತಲೆಬಿಸಿ ಅವರದ್ದು.

ಹೊಲಿಗೆ ಮೆಷೀನು ಹಾಗಲ್ಲ. ಅದನ್ನು ಗುಜರಿಗೆ ಕೊಡುತ್ತೀರಿ ಎಂದರೆ ನನ್ನ ಹೊಟ್ಟೆ ಉರಿಯುತ್ತದೆ. ಗುಜರಿಯವರು ಕಬ್ಬಿಣದ ತೂಕಕ್ಕೆ ದುಡ್ಡು ಕೊಡುತ್ತಾರೆ, ಸ್ಟ್ಯಾಂಡಿನ ಎರಕದ ಕಬ್ಬಿಣ ಬೇರೆ ಮಾಡಿ ಹಾಕುತ್ತಾರೆ. ಅದೇ ಮೆಷೀನಿಗಾಗಿ ವಿಟ್ಲದಲ್ಲೋ ಮುಳ್ಳೇರಿಯದಲ್ಲೋ ಒಬ್ಬಳು ಹುಡುಗಿ ಕಾಯುತ್ತಾ ಇರುತ್ತಾಳೆ. ಕರೆಂಟು ಹೋದರೂ ಹೊಲಿಯಬಹುದು ಅಂತ ತುಳಿಯುವ ಮೆಷೀನನ್ನೇ ಹುಡುಕುವವರು ಈಗಲೂ ಇದ್ದಾರೆ.

ಹಾಕುವ ಮೊದಲು ಅದರ ಧೂಳು ಒರೆಸಿ, ಬೆಲ್ಟು ಸಡಿಲಾಗಿದ್ದರೆ ಬದಲಿಸಿ, ಎಣ್ಣೆ ಬಿಡಿ. ಹಗಲಿನ ಬೆಳಕಿನಲ್ಲಿ ಜಗಲಿಯಲ್ಲಿಟ್ಟು ಫೋಟೋ ತೆಗೆಯಿರಿ. ಚಕ್ರ, ಸೂಜಿಯ ಜಾಗ, ಕೆಳಗಿನ ಪೆಡಲು, ತುಕ್ಕು ಹಿಡಿದ ಭಾಗ ಇದ್ದರೆ ಅದೂ ಇರಲಿ. ತುಕ್ಕು ಮುಚ್ಚಿಟ್ಟರೆ ಬಂದವರು ಮನೆಯಂಗಳದಲ್ಲೇ ನೋಡಿ ವಾಪಸ್ ಹೋಗುತ್ತಾರೆ, ಅಲ್ವಾ? ಒಂದು ಹತ್ತಿ ಬಟ್ಟೆಯ ಮೇಲೆ ಗೇಣುದ್ದ ಹೊಲಿದು, ಬಟ್ಟೆಯನ್ನು ಮಗುಚಿ ಹಿಂದಿನ ಹೊಲಿಗೆಯನ್ನೂ ತೋರಿಸಿ. ಹೊಲಿಗೆ ಗೊತ್ತಿರುವವರು ನೋಡುವುದು ಹಿಂಭಾಗವನ್ನೇ. ಅಲ್ಲಿ ನೂಲು ಕುಣಿಕೆ ಕುಣಿಕೆಯಾಗಿ ನೇತಾಡುತ್ತಿದ್ದರೆ ಮೇಲಿನ ನೂಲಿನ ಬಿಗಿ ಸರಿಯಿಲ್ಲ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ. ಕಳೆದ ಬೇಸಿಗೆಯಲ್ಲಿ ನಾನು ಒಂದು ಮೆಷೀನು ಮಾರಿಸಿದಾಗ ಬಂದ ಹೆಂಗಸು ಬೆಲೆಯ ಮಾತೇ ಎತ್ತಲಿಲ್ಲ. ಬ್ಯಾಗಿನಿಂದ ಎರಡು ತುಂಡು ಬಟ್ಟೆ ತೆಗೆದರು, ಒಂದು ತೆಳ್ಳಗಿನ ವಾಯಿಲು, ಇನ್ನೊಂದು ಜೀನ್ಸಿನದ್ದು. ಎರಡರಲ್ಲೂ ಹೊಲಿದರು, ಮಗುಚಿದರು, ಉಗುರಿನಿಂದ ನೂಲು ಎಳೆದು ನೋಡಿದರು. ಆಮೇಲೆ ಹೇಳಿದ ಬೆಲೆ ಎಣಿಸಿ ಕೊಟ್ಟರು.

ನಮ್ಮ ಊರಿನವರಿಗೆ ಒಂದು ಅನುಕೂಲ ಇದೆ. ಆ್ಯಪು ದೂರ ಅಳೆಯುವುದು ಕಿಲೋಮೀಟರಿನಲ್ಲಿ, ರಾಜ್ಯದ ಗಡಿ ಅದಕ್ಕೆ ಲೆಕ್ಕವಿಲ್ಲ. ಪೆರ್ಲದಲ್ಲಿ ಹಾಕಿದ್ದು ಕಾಸರಗೋಡು ಪೇಟೆಯವರಿಗೂ ಕಾಣುತ್ತದೆ, ಸಾರಡ್ಕ ದಾಟಿ ವಿಟ್ಲ, ಪುತ್ತೂರಿನವರಿಗೂ ಕಾಣುತ್ತದೆ. ಅದಕ್ಕೇ ವಿವರವನ್ನು ಕನ್ನಡದಲ್ಲಿ ಬರೆದು, ಮಲಯಾಳದಲ್ಲೂ ಎರಡು ಸಾಲು ಸೇರಿಸಿ. ಮಲಯಾಳ ಬರೆಯಲು ಬಾರದಿದ್ದರೆ ಪಕ್ಕದ ಮನೆಯ ಮಕ್ಕಳು ಬರೆದು ಕೊಡುತ್ತಾರೆ.

ಅಡಿಕೆ ಸುಲಿಯುವ ಮೆಷೀನು ಮತ್ತು ಪಂಪಿಗೆ ಹೊತ್ತು ಮುಖ್ಯ. ಮಳೆಗೆ ಮೊದಲು, ಮೇ ತಿಂಗಳಲ್ಲಿ ಎಲ್ಲರೂ ಮೈಲುತುತ್ತು, ಸುಣ್ಣ ತಂದಿಡುವ ಹೊತ್ತಿಗೆ ಪಂಪು ಹಾಕಿ. ಕೊಳೆರೋಗದ ಹೆದರಿಕೆ ಇರುವವರು ಆಗ ಚೌಕಾಸಿಗೆ ಕೂರುವುದಿಲ್ಲ. ಪಂಪನ್ನು ಚೆನ್ನಾಗಿ ತೊಳೆದಿಡಿ, ಒಳಗೆ ಹಳೆ ಮದ್ದು ಗಟ್ಟಿ ಹಿಡಿದಿದ್ದರೆ ಕೊಳ್ಳುವವರಿಗೆ ಅನುಮಾನ ಬರುತ್ತದೆ. ಸುಲಿಯುವ ಮೆಷೀನು ಅಡಿಕೆ ಒಣಗಿ ಸುಲಿಯುವ ಕಾಲಕ್ಕೆ ಹೋಗುತ್ತದೆ. ಆಟಿ ತಿಂಗಳ ಜೋರು ಮಳೆಯಲ್ಲಿ ಹಾಕಿದರೆ ಕೇಳುವವರಿಲ್ಲ. ನೀವು ಮಳೆಗಾಲಕ್ಕೆ ಮೊದಲೇ ಹೊರಡುವವರಾದ್ದರಿಂದ ಈಗಲೇ ಹಾಕಿ.

ಕಪಾಟಿಗೆ ಅವಸರ ಬೇಡ. ಹಲಸಿನ ಮರದ ಹಳೆ ಕೆಲಸಕ್ಕೆ ಬೆಲೆ ಇದೆ. ಅಗಲ, ಎತ್ತರ, ಆಳ ಅಳೆದು ಬರೆಯಿರಿ, ಬಾಗಿಲು ತೆಗೆದು ಒಳಗಿನ ಹಲಗೆಯೂ ಕಾಣುವ ಹಾಗೆ ಫೋಟೋ ಹಾಕಿ. ಬೇರೆಯವರು ಅಂಥದ್ದಕ್ಕೆ ಎಷ್ಟು ಬರೆದಿದ್ದಾರೆ ನೋಡಿ, ಆದರೆ ಅದನ್ನೇ ನಂಬಬೇಡಿ. ಅದು ಕೇಳುವ ಬೆಲೆ, ಮಾರಾಟವಾದ ಬೆಲೆಯಲ್ಲ. ತಿಂಗಳುಗಟ್ಟಲೆ ಅಲ್ಲೇ ಬಿದ್ದಿದ್ದರೆ ಆ ಬೆಲೆಗೆ ಯಾರೂ ಬಂದಿಲ್ಲ ಎಂದೇ ಅರ್ಥ.

ಇನ್ನೊಂದು ಮಾತು. ಫೋಟೋದಲ್ಲಿ ದೇವರ ಕೋಣೆ, ಗೇಟು, ಮನೆಯ ಹೆಸರು ಬೀಳದಿರಲಿ. ಹಗಲು ಹೊತ್ತಿನಲ್ಲಿ, ಮನೆಯಲ್ಲಿ ಇನ್ನೊಬ್ಬರು ಇರುವಾಗಲೇ ಬರಹೇಳಿ. ಸಾಮಾನು ಮೊದಲೇ ಜಗಲಿಗೆ ತಂದಿಡಿ, ಒಳಗೆ ಕರೆಯುವ ಅಗತ್ಯವೇ ಬರುವುದಿಲ್ಲ.

ಪ್ರಶ್ನೆ: ಡೈನಿಂಗ್ ಟೇಬಲ್ ಮಾರಲು ಹಾಕಿದ ಐದೇ ನಿಮಿಷಕ್ಕೆ ಫೋನು ಬಂತು. ನಾನು ಮಿಲಿಟರಿಯಲ್ಲಿದ್ದೇನೆ, ಟ್ರಾನ್ಸ್‌ಫರ್ ಆಗಿದೆ, ನೋಡುವುದೇ ಬೇಡ, ಈಗಲೇ ದುಡ್ಡು ಕಳಿಸುತ್ತೇನೆ ಎಂದು ಹಿಂದಿಯಲ್ಲಿ ಹೇಳಿ ಒಂದು ಕ್ಯೂಆರ್ ಕೋಡ್ ಕಳಿಸಿದ. ಸ್ಕ್ಯಾನ್ ಮಾಡಿದೆ, ಪಿನ್ ಹಾಕಿದೆ, ಖಾತೆಯಿಂದ ದುಡ್ಡು ಹೋಯಿತು. ನಾಚಿಕೆಯಿಂದ ಯಾರಿಗೂ ಹೇಳಿಲ್ಲ. (ನಿವೃತ್ತ ನೌಕರರು, ಕುಂಬಳೆ)

ಅಣ್ಣಾ, ನಾಚಿಕೆಪಡುವುದು ನೀವಲ್ಲ. ಈ ಪುಟ ಓದುವುದನ್ನು ಇಲ್ಲಿಗೇ ನಿಲ್ಲಿಸಿ, 1930ಕ್ಕೆ ಫೋನು ಮಾಡಿ. ಇದು ಇಡೀ ದೇಶಕ್ಕೆ ಒಂದೇ ನಂಬರು, ಆನ್‌ಲೈನ್ ವಂಚನೆಯ ದೂರಿಗೇ ಇರುವುದು. ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಸರ್ಕಾರಿ ಜಾಲತಾಣದಲ್ಲೂ ದೂರು ಬರೆಯಬಹುದು. ಬ್ಯಾಂಕಿಗೂ ತಿಳಿಸಿ. ಹೋದ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಾ ಇರುತ್ತದೆ, ಅದು ಕೈಗೆ ನಗದಾಗಿ ಹೋಗುವ ಮೊದಲು ತಡೆದರೆ ಮಾತ್ರ ಸಿಗುವ ಆಸೆ. ಮೊದಲ ಒಂದೆರಡು ಗಂಟೆಗೆ ಅಷ್ಟು ಬೆಲೆ ಇರುವುದು ಅದಕ್ಕೆ. ತಡವಾಗಿದ್ದರೂ ದೂರು ಕೊಡಿ, ಆ ನಂಬರು, ಆ ಖಾತೆ ಪೊಲೀಸರ ಕಣ್ಣಿಗೆ ಬೀಳುತ್ತದೆ. ಅವನ ಮೆಸೇಜು, ಕ್ಯೂಆರ್ ಕೋಡ್, ಬ್ಯಾಂಕಿನ ಎಸ್ಸೆಮ್ಮೆಸ್ಸು ಒಂದನ್ನೂ ಅಳಿಸಬೇಡಿ.

ಉಳಿದವರು ಇದನ್ನು ಅಡುಗೆಮನೆಯ ಗೋಡೆಗೆ ಬರೆದು ಅಂಟಿಸಿದರೂ ಸರಿ: ದುಡ್ಡು ಬರಲು ಪಿನ್ ಬೇಡ. ಕ್ಯೂಆರ್ ಸ್ಕ್ಯಾನ್ ಮಾಡುವುದು, ಯುಪಿಐ ಪಿನ್ ಒತ್ತುವುದು, ಎರಡೂ ದುಡ್ಡು ಕೊಡುವವರ ಕೆಲಸ. ಮಾರುವವರು ಕೊಡುವವರಲ್ಲ, ಪಡೆಯುವವರು. ಮೊದಲು ಯುಪಿಐಯಲ್ಲೇ ಯಾರು ಬೇಕಾದರೂ ಹಣ ಕೇಳುವ ಕೋರಿಕೆ ಕಳಿಸಿ ಮೋಸ ಮಾಡುತ್ತಿದ್ದರು. ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಆ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಕ್ಯೂಆರ್ ಕೋಡಿನ ದಾರಿ ಮಾತ್ರ ಹಾಗೇ ಇದೆ.

ಇನ್ನೂ ಒಂದು ಬಗೆ ಇದೆ. "ಅಯ್ಯೋ, ಎರಡು ಸಾವಿರದ ಬದಲು ಇಪ್ಪತ್ತು ಸಾವಿರ ಬಂತು, ಉಳಿದದ್ದು ವಾಪಸ್ ಹಾಕಿ" ಎನ್ನುತ್ತಾರೆ, ಹಣ ಜಮೆಯಾದಂತೆ ಒಂದು ಎಸ್ಸೆಮ್ಮೆಸ್ಸೂ ಬರುತ್ತದೆ. ಆ ಎಸ್ಸೆಮ್ಮೆಸ್ಸು ಬ್ಯಾಂಕಿನದ್ದಲ್ಲ, ಅವರೇ ಟೈಪ್ ಮಾಡಿ ಕಳಿಸಿದ್ದು. ಬ್ಯಾಂಕಿನ ಆ್ಯಪು ತೆರೆದು ಬ್ಯಾಲೆನ್ಸು ನೋಡದೆ ಒಂದು ರೂಪಾಯಿಯನ್ನೂ ವಾಪಸ್ ಹಾಕಬೇಡಿ. ಸಾಮಾನು ನೋಡದೆ, ಒಂದು ರೂಪಾಯಿಯೂ ಇಳಿಸದೆ ಕೊಳ್ಳುತ್ತೇನೆ ಎನ್ನುವವರನ್ನು ನಾನು ಅಲ್ಲಿಗೇ ಬ್ಲಾಕ್ ಮಾಡುತ್ತೇನೆ. ನಮ್ಮ ಕಡೆಯ ನಿಜವಾದ ಗಿರಾಕಿ ನೂರು ರೂಪಾಯಿಯಾದರೂ ಇಳಿಸದೆ ಬಿಡುವವರಲ್ಲ.

ಪ್ರಶ್ನೆ: ಗಲ್ಫಿಗೆ ಹೊರಟಿದ್ದೇನೆ. ಬೈಕು ಕೆಎಲ್ 14, ಅಂದರೆ ಕಾಸರಗೋಡಿನ ರಿಜಿಸ್ಟ್ರೇಶನ್. ತೊಕ್ಕೊಟ್ಟಿನ ಒಬ್ಬರು ಒಳ್ಳೆ ಬೆಲೆ ಹೇಳಿದ್ದಾರೆ. ಪೇಪರ್ ಆಮೇಲೆ ಮಾಡಿಸಿಕೊಳ್ಳುತ್ತೇನೆ, ಸಹಿ ಹಾಕಿ ಕೊಡಿ ಎನ್ನುತ್ತಾರೆ. ಕೊಡಲಾ? ಹಳೆ ಫೋನೂ ಮಾರಬೇಕು. (ಯುವಕ, ಉಪ್ಪಳ)

ಕೊಡಬೇಡಿ ತಮ್ಮಾ. ದಾಖಲೆಯಲ್ಲಿ ಯಾರ ಹೆಸರು ಇದೆಯೋ ಕಾನೂನಿಗೆ ಅವರೇ ಮಾಲೀಕರು. ಬೈಕು ಕೈಬದಲಾಗಿ ಹೆಸರು ಬದಲಾಗದೆ ಇದ್ದಾಗ ಅಪಘಾತವಾದರೆ ಪರಿಹಾರದ ಹೊಣೆ ನೋಂದಣಿಯ ಮಾಲೀಕರದ್ದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ನೀವು ದುಬಾಯಿಯಲ್ಲಿ, ನೋಟೀಸು ಉಪ್ಪಳದ ಮನೆಯಲ್ಲಿ ಅಮ್ಮನ ಕೈಗೆ. 2023ರ ಜೂನ್‌ನಿಂದ ಕೇರಳದಲ್ಲಿ ಎಐ ಕ್ಯಾಮೆರಾದ ದಂಡವೂ ಇದೆ. ಹೆಲ್ಮೆಟ್ ಹಾಕದೆ ಓಡಿಸುವುದು ಅವರು, ಚಲನ್ ಬರುವುದು ನಿಮಗೆ.

ಕೇರಳದ ಒಳಗೇ ಮಾರಿದರೆ ಹೆಸರು ಬದಲಿಸುವ ಫಾರ್ಮ್ 29 ಮತ್ತು 30 ಸಾಕು, ಮಾರಿದ 14 ದಿನದೊಳಗೆ ಆರ್‌ಟಿಓಗೆ ನೀವೇ ತಿಳಿಸಬೇಕು. ತೊಕ್ಕೊಟ್ಟು ಗಡಿಯ ತಲಪಾಡಿಯಿಂದ ಎಷ್ಟು ಹತ್ತಿರವಾದರೂ ಬೇರೆ ರಾಜ್ಯ, ಕರ್ನಾಟಕ. ಹಾಗಾಗಿ ಫಾರ್ಮ್ 28ರಲ್ಲಿ ಇಲ್ಲಿಯ ಆರ್‌ಟಿಓದಿಂದ ಎನ್‌ಓಸಿ, ಅಂದರೆ ಆಕ್ಷೇಪವಿಲ್ಲ ಎಂಬ ಪತ್ರ ತೆಗೆಯಬೇಕು, ಆ ಮೇಲೆ ಕರ್ನಾಟಕದ ತೆರಿಗೆ ಕಟ್ಟಿ ಅಲ್ಲಿಯ ನಂಬರು ಹಾಕಿಸಬೇಕು. ಆ ತೆರಿಗೆಯನ್ನು ಲೆಕ್ಕ ಹಾಕಿದರೆ ತೊಕ್ಕೊಟ್ಟಿನವರ "ಒಳ್ಳೆ ಬೆಲೆ" ಎಷ್ಟು ದಿನ ನಿಲ್ಲುತ್ತದೆ ನೋಡಿ. ನನ್ನ ಮಾತು ಕೇಳಿದರೆ ಸ್ವಲ್ಪ ಕಡಿಮೆಯಾದರೂ ನಮ್ಮ ಜಿಲ್ಲೆಯವರಿಗೇ ಕೊಟ್ಟು, ಹೆಸರು ಬದಲಾದದ್ದನ್ನು ವಾಹನಗಳ ದಾಖಲೆ ಇರುವ ಪರಿವಾಹನ್ ಎಂಬ ಸರ್ಕಾರಿ ಜಾಲತಾಣದಲ್ಲಿ ಕಣ್ಣಾರೆ ನೋಡಿ ವಿಮಾನ ಹತ್ತಿ. ಸಾಲ ಇದ್ದದ್ದು ತೀರಿದ್ದರೆ ಆರ್‌ಸಿಯಿಂದ (ನೋಂದಣಿ ಪತ್ರದಿಂದ) ಬ್ಯಾಂಕಿನ ಹೆಸರು ತೆಗೆಸಿದ್ದೀರಾ, ಅದನ್ನೂ ನೋಡಿಕೊಳ್ಳಿ.

ಫೋನಿನದ್ದು ಬೇಗ ಮುಗಿಯುತ್ತದೆ. ಮೊದಲು ಗೂಗಲ್ ಖಾತೆಯಿಂದ ಹೊರಬನ್ನಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಇದು ಹಿಂದುಮುಂದಾದರೆ ಕೊಂಡವರಿಗೆ ಫೋನು ತೆರೆಯುವುದೇ ಇಲ್ಲ, ನಿಮ್ಮ ಪಾಸ್‌ವರ್ಡ್ ಕೇಳಿ ರಾತ್ರಿ ಫೋನು ಬರುತ್ತದೆ. ಬಿಲ್ಲು, ಪೆಟ್ಟಿಗೆ ಜೊತೆಗೆ ಕೊಡಿ. ಹಳೆ ಫೋನು ಕೊಳ್ಳುವ ಯೋಚನೆ ಇರುವ ಊರಿನ ಗೆಳೆಯರಿಗೂ ಇದನ್ನು ಹೇಳಿ: *#06# ಒತ್ತಿದರೆ 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರು ಕಾಣುತ್ತದೆ. ಇಂಗ್ಲಿಷಿನಲ್ಲಿ KYM ಎಂದು ಬರೆದು, ಜಾಗ ಬಿಟ್ಟು, ಆ ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ಸು ಮಾಡಿದರೆ ಅದು ಯಾವ ಫೋನು, ಬ್ಲಾಕ್ ಆದದ್ದಾ ಎಂದು ತಿಳಿಯುತ್ತದೆ.

ಪ್ರಶ್ನೆ: ಮಗಳ ಹತ್ತನೆ ತರಗತಿಯ ಕನ್ನಡ ಮಾಧ್ಯಮದ ಪುಸ್ತಕ, ಗೈಡು ಆ್ಯಪಲ್ಲಿ ಮಾರಬಹುದಾ? (ತಾಯಿ, ಮಂಜೇಶ್ವರ)

ಕೇರಳ ಸಿಲೆಬಸ್ಸಿನ ಕನ್ನಡ ಪುಸ್ತಕ ಬೇಕಾದವರು ಇರುವುದೇ ನಮ್ಮ ಜಿಲ್ಲೆಯಲ್ಲಿ. ಶಾಲೆಯ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಹಾಕಿದರೆ ಸಂಜೆಯೊಳಗೆ ಹೋಗುತ್ತದೆ. ಪಾಠ ಬದಲಾಗಿಲ್ಲ ತಾನೇ ಎಂದು ಮೊದಲು ಟೀಚರಲ್ಲಿ ಕೇಳಿ. ಸಾಧ್ಯವಾದರೆ ಸುಮ್ನೆ ಕೊಟ್ಟುಬಿಡಿ.

ಪ್ರಶ್ನೆ: ಅಜ್ಜನ ಕಾಲದ ತಾಮ್ರದ ಹಂಡೆ, ಗೋಡೆಯ ಮೇಲಿನ ಜಿಂಕೆಯ ಕೊಂಬು, ಒಂದು ಕಟ್ಟು ತಾಳೆಗರಿ ಇದೆ. "ಆಂಟಿಕ್" ಎಂದು ಹಾಕಿದರೆ ಲಕ್ಷ ಬರುತ್ತದೆ ಎನ್ನುತ್ತಾರೆ. (ಕೃಷಿಕರು, ಮುಳ್ಳೇರಿಯ)

ಹಂಡೆ ಮಾರಬಹುದು. ಆದರೆ ಲಕ್ಷದ ಮಾತು ಹೇಳಿದವರಿಗೆ, ನೀವೇ ಅರ್ಧಕ್ಕೆ ತೆಗೆದುಕೊಳ್ಳಿ ಎಂದು ಹೇಳಿ ನೋಡಿ. ತೂಕ ಹಾಕಿಸಿ, ತಾಮ್ರದ ಆ ದಿನದ ದರ ಕೇಳಿಕೊಂಡು, ಅದಕ್ಕಿಂತ ಕೆಳಗೆ ಇಳಿಯಬೇಡಿ. ಬಿಸಿನೀರಿನ ಹಂಡೆಯನ್ನು ಅಲಂಕಾರಕ್ಕೆ ಇಡುವ ಹೋಂಸ್ಟೇಯವರು ತೂಕಕ್ಕಿಂತ ಜಾಸ್ತಿ ಕೊಡುವುದುಂಟು.

ಜಿಂಕೆಯ ಕೊಂಬಿನ ಫೋಟೋ ಮಾತ್ರ ಎಲ್ಲೂ ಹಾಕಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದನ್ನು ಮಾರುವುದೇ ಅಪರಾಧ, ಅಜ್ಜನ ಕಾಲದ್ದು ಎಂದರೆ ಬಿಡುವುದಿಲ್ಲ. ಗುರುತಿನ ವಕೀಲರೊಬ್ಬರಲ್ಲಿ ಮಾತಾಡಿ, ಅವರನ್ನು ಕರೆದುಕೊಂಡೇ ಅರಣ್ಯ ಇಲಾಖೆಯ ಕಚೇರಿಗೆ ಹೋಗಿ.

ತಾಳೆಗರಿ ಮಾರಬೇಡಿ ಎಂದು ಕೈಮುಗಿದು ಕೇಳುತ್ತೇನೆ. 1972ರದ್ದೇ ಇನ್ನೊಂದು ಕಾಯ್ದೆಯಲ್ಲಿ 75 ವರ್ಷ ದಾಟಿದ, ಮೌಲ್ಯವುಳ್ಳ ಹಸ್ತಪ್ರತಿ ಪುರಾತನ ವಸ್ತುವಿನ ಲೆಕ್ಕಕ್ಕೆ ಬರುತ್ತದೆ, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಹೊರದೇಶಕ್ಕೆ ಕಳಿಸುವಂತಿಲ್ಲ. ಕಾನೂನು ಬದಿಗಿರಲಿ, ಅದರಲ್ಲಿ ಏನು ಬರೆದಿದೆ ಎಂದು ಓದಿಸಿದ್ದೀರಾ? ಮನೆಯ ಜಾಗದ ಲೆಕ್ಕವೋ, ಮದ್ದಿನ ಕ್ರಮವೋ, ಯಾವುದೋ ಯಕ್ಷಗಾನ ಪ್ರಸಂಗವೋ ಇರಬಹುದು. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಇಂಥ ಗರಿಗಳನ್ನು ಓದಿ ಜೋಪಾನ ಮಾಡುವವರಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಪ್ರತಿ ಬೆಳಕಿಗೆ ಬಂದದ್ದು ಅಲ್ಲಿಯೇ. ನಾಲ್ಕು ಗರಿಗಳ ಫೋಟೋ ತೆಗೆದು ಮೊದಲು ಅಲ್ಲಿಗೆ ಕಳಿಸಿ. ಕಟ್ಟಿದ ದಾರ ಬಿಚ್ಚುವಾಗ ಎಳೆಯಬೇಡಿ, ಗರಿಯ ತೂತಿನ ಅಂಚು ಬೇಗ ಹರಿಯುತ್ತದೆ. ಅವರ ಉತ್ತರ ಬರುವವರೆಗೆ ಒಣಗಿದ ಹತ್ತಿ ಬಟ್ಟೆಯಲ್ಲಿ ಸುತ್ತಿ, ಅಡುಗೆಮನೆಯ ಅಟ್ಟದಲ್ಲಿದ್ದರೆ ಅಲ್ಲಿಂದ ಇಳಿಸಿ, ತೇವ ತಾಗದ ಕಡೆ ಇಡಿ.