ಓದುಗರ ಪ್ರಶ್ನೆ: ಒಂದು ಹಾಡು, ಮೂರು ಹೆಸರು

ಪ್ರಶ್ನೆ: ‘ಶ್-ಬೂಮ್’ ಎಂಬ ಹಳೆಯ ಅಮೆರಿಕನ್ ಹಾಡನ್ನು ಹುಡುಕಿದರೆ ಕ್ರೂ ಕಟ್ಸ್ ಗುಂಪಿನದ್ದೇ ಸಿಗುತ್ತದೆ. ಮೊದಲು ಹಾಡಿದವರು ದಿ ಕಾರ್ಡ್ಸ್ ಅಂತಾರೆ. ಅವರು ಆಮೇಲೆ ಏನಾದರು?
– ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಹಾಡು ಕಾರ್ಡ್ಸ್ ಅವರದ್ದೇ, ಕಟ್ಟಿದವರೂ ಅವರೇ. ನ್ಯೂಯಾರ್ಕಿನ ಬ್ರಾಂಕ್ಸ್‌ನ ಐವರು ಕಪ್ಪು ಯುವಕರು. ಕಾರ್ಲ್ ಫೀಸ್ಟರ್ ಮುಖ್ಯ ದನಿ, ಅವರ ಸಹೋದರ ಕ್ಲಾಡ್ ಬ್ಯಾರಿಟೋನ್ (ನಡುದನಿ), ಜಿಮ್ಮಿ ಕೀಸ್ ಮತ್ತು ಫ್ಲಾಯ್ಡ್ ಮೆಕ್ರೇ ಟೆನರ್ (ಮೇಲುದನಿ), ವಿಲಿಯಂ ಎಡ್ವರ್ಡ್ಸ್ ಬಾಸ್ (ತಗ್ಗುದನಿ). 1954ರಲ್ಲಿ ಅಟ್ಲಾಂಟಿಕ್ ಎಂಬ ಧ್ವನಿಮುದ್ರಣ ಕಂಪನಿಯ ಕ್ಯಾಟ್ ಲೇಬಲ್ ಈ ಹಾಡನ್ನು ಗ್ರಾಮಫೋನ್ ಪ್ಲೇಟಿನ ಹಿಂಬದಿಗೆ ಹಾಕಿತ್ತು. ಮುಂಬದಿಯಲ್ಲಿ ಇದ್ದದ್ದು ಗಾಯಕಿ ಪ್ಯಾಟಿ ಪೇಜ್ ಆಗಲೇ ಗೆಲ್ಲಿಸಿದ್ದ ‘ಕ್ರಾಸ್ ಓವರ್ ದಿ ಬ್ರಿಡ್ಜ್’. ಜನ ಹಿಂಬದಿಯನ್ನೇ ಮೆಚ್ಚಿದರು. ರಿದಮ್ ಅಂಡ್ ಬ್ಲೂಸ್ (ಕಪ್ಪು ಜನರ ಜನಪ್ರಿಯ ಸಂಗೀತ) ಪಟ್ಟಿಯಲ್ಲಿ 2ನೇ ಸ್ಥಾನ ಬಂತು, ಪಾಪ್ ಪಟ್ಟಿಯಲ್ಲೂ ಮೊದಲ ಹತ್ತರೊಳಗೆ ಬಂದರು.

ಅಷ್ಟರಲ್ಲಿ ಕೆನಡಾದ ಬಿಳಿಯರ ಗುಂಪು ಕ್ರೂ ಕಟ್ಸ್ ಅದನ್ನೇ ಮರ್ಕ್ಯುರಿ ಕಂಪನಿಗೆ ಹಾಡಿ 1ನೇ ಸ್ಥಾನದಲ್ಲಿ ವಾರಗಟ್ಟಲೆ ಕೂತಿತು. ಅಮೆರಿಕದ ಆಗಿನ ಕಾನೂನಿನಲ್ಲಿ ರಕ್ಷಣೆ ಇದ್ದದ್ದು ಸಾಹಿತ್ಯ-ಸಂಗೀತಕ್ಕೆ ಮಾತ್ರ. ಪ್ರತಿಗೆ 2 ಸೆಂಟ್ ರಾಯಧನ ಕೊಟ್ಟರೆ ಯಾರು ಬೇಕಾದರೂ ಮರುಧ್ವನಿಮುದ್ರಣ ಮಾಡಬಹುದಿತ್ತು. ಹಾಡುವ ವರಸೆಗೆ ಬೆಲೆಯೇ ಇರಲಿಲ್ಲ. ಇದು ಅನ್ಯಾಯವೇ. ಇನ್ನೊಂದು ಪೆಟ್ಟು ಹೆಸರಿನದು. ಜೆಮ್ ಲೇಬಲ್‌ನಲ್ಲಿ ಕಾರ್ಡ್ಸ್ ಎಂಬ ಬೇರೊಂದು ಗುಂಪು ಮೊದಲೇ ಇತ್ತು. ಹಾಗಾಗಿ ಇವರು ಕಾರ್ಡ್‌ಕ್ಯಾಟ್ಸ್ ಆದರು, ಆಮೇಲೆ ಶ್-ಬೂಮ್ಸ್ ಆದರು. ಹಾಡು ಗೊತ್ತಿದ್ದವರಿಗೂ ಗುಂಪಿನ ಗುರುತು ಸಿಗದಂತಾಯಿತು, ಮತ್ತೊಂದು ಗೆಲುವು ಬರಲೇ ಇಲ್ಲ.

ಪ್ರಶ್ನೆ: ಭಜನೆ ಹಾಡಿ ರೂಢಿಯಿರುವ ಐವರು ಗೆಳೆಯರು ಡೂ ವಾಪ್ (ಕಾರ್ಡ್ಸ್ ಹಾಡಿದಂಥ, ಹಲವು ದನಿಗಳ ಹಾಡಿಕೆ) ಪ್ರಯತ್ನಿಸುತ್ತಿದ್ದೇವೆ. ಎರಡು ಸುತ್ತಿಗೇ ಶ್ರುತಿ ಇಳಿಯುತ್ತದೆ.
– ಓದುಗರು, ಚಿತ್ರದುರ್ಗ

ಉತ್ತರ: ಭಜನೆಯಲ್ಲಿ ಎಲ್ಲರದ್ದೂ ಒಂದೇ ಸ್ವರ. ಇಲ್ಲಿ ಒಬ್ಬೊಬ್ಬರದ್ದು ಒಂದೊಂದು. ಹಾರ್ಮೋನಿಯಂನಲ್ಲಿ ಬಿಳಿ ಒಂದಕ್ಕೆ ಷಡ್ಜ ಇಟ್ಟು, ಶಂಕರಾಭರಣದ ಸ್ವರಗಳನ್ನೇ ಹಿಡಿಯಿರಿ. ಆ ಕಾಲದ ಎಷ್ಟೋ ಹಾಡುಗಳು ನಾಲ್ಕು ಹೆಜ್ಜೆಯಲ್ಲಿ ಸುತ್ತುತ್ತವೆ, ಹೆಜ್ಜೆಗೆ ನಾಲ್ಕೆಣಿಕೆ ಇಟ್ಟುಕೊಳ್ಳಿ. ಬಾಸ್: ಸ, ಕೆಳಗಿನ ದ, ಮ, ಪ. ನಡುವಿನ ಮೂವರಲ್ಲಿ ಒಬ್ಬರು ಸ-ಸ-ಸ-ನಿ (ಈ ನಿ ಮಂದ್ರದ್ದು), ಇನ್ನೊಬ್ಬರು ಗ-ಗ-ಮ-ರಿ, ಮೇಲಿನವರು ಪ-ದ-ದ-ಪ. ಐದನೆಯವರು ಸಾಹಿತ್ಯ ಹಾಡಲಿ.

ಶ್ರುತಿ ಇಳಿಯುವುದು ಹೆಚ್ಚಾಗಿ ನಾಲ್ಕನೇ ಹೆಜ್ಜೆಯಲ್ಲಿ. ಸದಿಂದ ನಿಗೆ ಅರ್ಧ ಸ್ವರದಷ್ಟೇ ಇಳಿಯಬೇಕು, ಅಭ್ಯಾಸವಿಲ್ಲದವರು ಜಾರಿ ಇನ್ನೂ ಕೆಳಗೆ ಹೋಗುತ್ತಾರೆ. ಗ, ನಿಗಳನ್ನು ಅಲುಗಾಡಿಸುವ ನಮ್ಮ ರೂಢಿಯನ್ನೂ ಇಲ್ಲಿ ಬಿಡಲೇಬೇಕು. ಒಬ್ಬರು ಗಮಕ ಹಾಕಿದರೂ ಮೇಳ ಒಡೆಯುತ್ತದೆ. ಎಲ್ಲರೂ ಒಟ್ಟಿಗೆ ಉಸಿರೆಳೆಯಬೇಡಿ, ಸರದಿ ಮಾಡಿಕೊಳ್ಳಿ. ಸುತ್ತು ಮುಗಿದ ಮೇಲೆ ಮಾತ್ರ ಹಾರ್ಮೋನಿಯಂ ಮುಟ್ಟಿ ನೋಡಿ. ಸದಾ ನುಡಿಸುತ್ತಿದ್ದರೆ ಕಿವಿ ಸೋಮಾರಿಯಾಗುತ್ತದೆ. ಮೈಕ್ ಒಂದೇ ಇದ್ದರೆ ಬಾಸ್‌ನವರೂ ಮುಖ್ಯ ದನಿಯ ಪಕ್ಕದಲ್ಲೇ ನಿಲ್ಲಲಿ, ತಗ್ಗು ದನಿ ದೂರದಿಂದ ಕೇಳಿಸದು. ಉಳಿದ ಮೂವರು ಎರಡು ಹೆಜ್ಜೆ ಹಿಂದಿರಲಿ.

ಪ್ರಶ್ನೆ: ‘ಡೂ ವಾಪ್’ ಅಂದರೇನು?
– ಓದುಗರು, ಹರಿಹರ

ಉತ್ತರ: ಅರ್ಥವಿಲ್ಲ. ನಮ್ಮ ‘ತಂದಾನ ತಾನ’ದ ಹಾಗೆ ಹಿನ್ನೆಲೆಯವರು ಹಾಡುತ್ತಿದ್ದ ಅಕ್ಷರಗಳು. ಈ ಶೈಲಿಗೆ ಈ ಹೆಸರು ಬಳಕೆಗೆ ಬಂದದ್ದು 1960ರ ದಶಕದಲ್ಲಿ, ಕಾರ್ಡ್ಸ್ ಹಾಡುವಾಗ ಇದನ್ನು ರಿದಮ್ ಅಂಡ್ ಬ್ಲೂಸ್ ಎಂದೇ ಕರೆಯುತ್ತಿದ್ದರು.