ತಪ್ಪು ಹೇಳಿದರೆ ಒಂದು ಸುತ್ತು ಬಿಡಬೇಕು: ಈ ಒಂದು ನಿಯಮ ನನ್ನ ಆಟವನ್ನೇ ಕೆಡಿಸಿತು

ಆರನೇ ತರಗತಿಗೆ ಭಿನ್ನರಾಶಿ ಕಲಿಸೋಕೆ ಯಾವ ಬೋರ್ಡ್ ಗೇಮ್ ಕೊಳ್ಳಲಿ, ಇಲ್ಲ ನಾನೇ ಒಂದು ಮಾಡಲಾ ಅಂತ ಕೇಳಿದ್ದೀರಿ. ಎಂಟು ವರ್ಷದ ಹಿಂದೆ ನಾನೂ ಇದೇ ಪ್ರಶ್ನೆ ಇಟ್ಟುಕೊಂಡು ಓಡಾಡುತ್ತಿದ್ದೆ.

ಕೊನೆಗೆ ನಾನೇ ಮಾಡಿದೆ. ರಜೆ ಪೂರ್ತಿ ಅದಕ್ಕೇ ಹೋಯಿತು. ದಪ್ಪ ರಟ್ಟಿನ ಮೇಲೆ 60 ಮನೆ, ಹಾವು ಏಣಿ ಥರದ ದಾರಿ, ನಾಲ್ಕು ಬಣ್ಣದ ಕಾಯಿ, 120 ಪ್ರಶ್ನೆ ಕಾರ್ಡು. ಎಲ್ಲಾ ಕಾರ್ಡನ್ನೂ ಕೈಯಲ್ಲೇ ಬರೆದು ಲ್ಯಾಮಿನೇಟ್ ಮಾಡಿಸಿದೆ. ಸರದಿ ಬಂದಾಗ ಒಂದು ಕಾರ್ಡು ಎತ್ತಬೇಕು. ಉತ್ತರ ಸರಿಯಿದ್ದರೆ ದಾಳ ಹಾಕಿ ಕಾಯಿ ನಡೆಸಬಹುದು. ತಪ್ಪಾದರೆ ಮುಂದಿನ ಸುತ್ತು ಬಿಟ್ಟುಕೊಟ್ಟು ಸುಮ್ನೆ ಕೂರಬೇಕು.

ನಾನು ಮಾಡಿದ ತಪ್ಪು ಈ ಕೊನೆಯ ನಿಯಮ.

ಮೊದಲ ದಿನ ತರಗತಿಯಲ್ಲಿ ಗದ್ದಲವೋ ಗದ್ದಲ. ನನಗೆ ತುಂಬಾ ಖುಷಿ. ಎರಡನೇ ವಾರ ಒಂದು ಗುಂಪಿನ ಪಕ್ಕ ಕೂತು, ಯಾರು ಎಷ್ಟು ಸಲ ಕಾರ್ಡು ಎತ್ತುತ್ತಾರೆ ಅಂತ ಗೆರೆ ಎಳೆಯುತ್ತಾ ಹೋದೆ. 40 ನಿಮಿಷ ಮುಗಿದಾಗ ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗಿಯ ಹೆಸರಿನ ಮುಂದೆ 12 ಗೆರೆ. ಭಿನ್ನರಾಶಿ ಅಂದರೆ ಮುಖ ಸಪ್ಪಗೆ ಮಾಡುತ್ತಿದ್ದ ಹುಡುಗನ ಮುಂದೆ 6. ಆರೂ ತಪ್ಪು. ಉಳಿದ ಹೊತ್ತೆಲ್ಲಾ ಅವನು ಹಸಿರು ಕಾಯಿಯನ್ನು ಬೆರಳಲ್ಲಿ ತಿರುಗಿಸುತ್ತಾ ಕೂತಿದ್ದ. ಆ ಕಾಯಿ ಮೊದಲ ಮನೆ ಬಿಟ್ಟು ಕದಲಿರಲೇ ಇಲ್ಲ.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದು ನನಗೆ ಅರ್ಥವಾಗಿದ್ದು ತಡವಾಗಿ. ಅಭ್ಯಾಸ ಜಾಸ್ತಿ ಬೇಕಿದ್ದದ್ದು ಅವನಿಗೆ. ನನ್ನ ನಿಯಮ ಅವನ ಅವಕಾಶವನ್ನೇ ಅರ್ಧ ಮಾಡಿತು. ಲೆಕ್ಕ ಬಂದವರಿಗೇ ಮತ್ತೆ ಮತ್ತೆ ಸರದಿ, ಬಾರದವನಿಗೆ ಕಾಯುವ ಕೆಲಸ. ತಪ್ಪಾದ ಕಾರ್ಡು ಕಟ್ಟಿನ ಕೆಳಗೆ ಹೋಗುತ್ತಿತ್ತು. ಯಾಕೆ ತಪ್ಪು ಅಂತ ಯಾರೂ ಕೇಳುತ್ತಿರಲಿಲ್ಲ, ಕೇಳೋಕೆ ಆಟದಲ್ಲಿ ಕಾರಣವೇ ಇರಲಿಲ್ಲ. ಚುರುಕಾದ ಹುಡುಗಿಗೂ ಲಾಭ ಏನಿಲ್ಲ. ಅವಳು ಯೋಚಿಸಿದ್ದು 12 ಪ್ರಶ್ನೆಗೆ, ಉಳಿದಂತೆ ಬೇರೆಯವರ ದಾಳ ನೋಡುತ್ತಾ ಕೂತಿದ್ದಳು. ಇನ್ನೂ ಒಂದು ಮಾತು. ಆ 120 ಕಾರ್ಡು ತೆಗೆದು ಇಂಗ್ಲಿಷ್ ಸ್ಪೆಲಿಂಗ್ ಕಾರ್ಡು ಇಟ್ಟಿದ್ದರೂ ಆಟ ಒಂಚೂರೂ ಬದಲಾಗುತ್ತಿರಲಿಲ್ಲ. ಅಂದ್ರೆ ಭಿನ್ನರಾಶಿ ಆಟದ ಒಳಗೆ ಇರಲೇ ಇಲ್ಲ. ಬಾಗಿಲಲ್ಲಿ ಚೀಟಿ ಕೇಳುವ ಕಾವಲುಗಾರನ ಹಾಗೆ ಹೊರಗೆ ನಿಂತಿತ್ತು.

ಒಂದು ಸಣ್ಣ ನಿಯಮಕ್ಕೆ ಎಷ್ಟು ಶಕ್ತಿ ಇದೆ ಅನ್ನೋದು ನಾನು ಆಮೇಲೆ ಓದಿದ ಒಂದು ಪ್ರಯೋಗದಲ್ಲೂ ಕಾಣುತ್ತದೆ. 2014ರಲ್ಲಿ ಎಲಿಡಾ ಲಾಸ್ಕಿ ಮತ್ತು ರಾಬರ್ಟ್ ಸೀಗ್ಲರ್ ಅನ್ನೋ ಮನೋವಿಜ್ಞಾನಿಗಳು ಪ್ರಕಟಿಸಿದ್ದು. ಚಿಕ್ಕ ಮಕ್ಕಳು, ನೂರರವರೆಗೆ ಸಂಖ್ಯೆ ಬರೆದ ಬೋರ್ಡು. ಕೆಲವರು ಕಾಯಿ ನಡೆಸುವಾಗ ‘ಒಂದು, ಎರಡು’ ಅಂತ ಎಣಿಸಿದರು. ಉಳಿದವರು ಐದನೇ ಮನೆಯಲ್ಲಿದ್ದರೆ ‘ಆರು, ಏಳು’ ಅಂತ ಮನೆಯ ಸಂಖ್ಯೆಯನ್ನೇ ಹೇಳಿದರು. ಬೋರ್ಡು ಅದೇ. ಆದರೆ ಸಂಖ್ಯೆಗಳ ತಿಳಿವಳಿಕೆ ಬೆಳೆದದ್ದು ಮನೆಯ ಸಂಖ್ಯೆ ಹೇಳಿದವರಲ್ಲಿ.

ಹಾಗಾಗಿ ನನ್ನ ಉತ್ತರ: ಕೊಳ್ಳಲೂ ಬೇಡಿ, ನೀವೊಬ್ಬರೇ ಕೂತು ಮಾಡಲೂ ಬೇಡಿ. ‘ಗಣಿತ ಬೋರಿಂಗ್, ಆಟ ಸೇರಿಸಿದರೆ ಮಕ್ಕಳು ಆಸಕ್ತಿಯಿಂದ ಕೂರುತ್ತಾರೆ’ ಅಂತ ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಕಹಿ ಔಷಧಿಗೆ ಸಕ್ಕರೆ ಸವರಿದರೆ ಮಕ್ಕಳು ಸಕ್ಕರೆ ನೆಕ್ಕಿ ಔಷಧಿ ಉಗಿಯುತ್ತಾರೆ. ಗೆಲ್ಲಬೇಕು ಅಂದರೆ ಭಿನ್ನರಾಶಿಯನ್ನೇ ಯೋಚಿಸಬೇಕು, ಆಟ ಅಂಥದ್ದಿರಬೇಕು.

ಅದಕ್ಕೆ ಒಂದು ಕಟ್ಟು ಇಸ್ಪೀಟ್ ಎಲೆ ಸಾಕು. ರಾಜ, ರಾಣಿ, ಗುಲಾಮ ತೆಗೆದಿಟ್ಟರೆ 40 ಎಲೆ ಉಳಿಯುತ್ತವೆ, ಎಕ್ಕ ಅಂದರೆ ಒಂದು. ನಾಲ್ಕು ಜನಕ್ಕೆ ಹತ್ತತ್ತು ಹಂಚಿ. ಪ್ರತಿ ಸುತ್ತಲ್ಲೂ ಎಲ್ಲರೂ ಒಟ್ಟಿಗೆ ಎರಡೆರಡು ಎಲೆ ಬಿಚ್ಚಬೇಕು, ಚಿಕ್ಕದು ಮೇಲೆ, ದೊಡ್ಡದು ಕೆಳಗೆ. ದೊಡ್ಡ ಭಿನ್ನರಾಶಿ ಯಾರದ್ದೋ ಅವರಿಗೆ ಎಂಟೂ ಎಲೆ. ಯಾರೂ ಸುಮ್ನೆ ಕೂರುವ ಹಾಗಿಲ್ಲ. 3/7 ಮತ್ತು 4/9 ಎದುರುಬದುರಾದಾಗ ಜಗಳ ಶುರುವಾಗುತ್ತದೆ. ಬಗೆಹರಿಸೋಕೆ ಹೋಗಬೇಡಿ. ಛೇದ 63 ಮಾಡಿದರೆ 27 ಮತ್ತು 28 ಅಂತ ಅವರೇ ಕಂಡುಕೊಳ್ಳಲಿ.

ಎರಡು ದಿನ ಆಡಿದ ಮೇಲೆ ಆಟವನ್ನು ಅವರ ಕೈಗೇ ಕೊಡಿ: ‘ಒಂದೇ ಒಂದು ನಿಯಮ ಬದಲಾಯಿಸಿ’. ನಾನು ಹೀಗೆ ಕೇಳಿದಾಗ ಆ ಹಸಿರು ಕಾಯಿಯ ಹುಡುಗ ಬಾಯಿಬಿಟ್ಟ. ‘ದೊಡ್ಡದು ಗೆಲ್ಲೋದು ಬೇಡ ಮಿಸ್. ಮೂರು ಎಲೆ ಕೈಲಿ ಇರಲಿ, ಎರಡನ್ನ ಆರಿಸ್ಕೊಳ್ಳೋಣ. ಅರ್ಧಕ್ಕೆ ಹತ್ತಿರ ಇರೋರು ಗೆಲ್ಲಲಿ.’

ಆಡಿ ನೋಡಿದರು. ಮೂರನೇ ಸುತ್ತಲ್ಲಿ ಒಬ್ಬಳ ಮುಂದೆ 4/9, ಇನ್ನೊಬ್ಬನ ಮುಂದೆ 5/9. ಇಬ್ಬರೂ ಎಲೆಗಳ ಮೇಲೆ ಕೈ ಇಟ್ಟರು. ಹಸಿರು ಕಾಯಿಯ ಹುಡುಗ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಗೆರೆ ಎಳೆದು ಒಂಬತ್ತು ಭಾಗ ಮಾಡಿದ. ‘ಒಂಬತ್ತರ ಅರ್ಧ ನಾಲ್ಕೂವರೆ. ನಾಲ್ಕು ಅರ್ಧ ಮನೆ ಹಿಂದೆ, ಐದು ಅರ್ಧ ಮನೆ ಮುಂದೆ. ಇಬ್ಬರದ್ದೂ ಸಮ.’

ಸಮ ಆದರೆ ಏನು ಮಾಡಬೇಕು ಅಂತ ನಿಯಮ ಇರಲಿಲ್ಲ. ಹತ್ತು ನಿಮಿಷ ವಾದ ಮಾಡಿ ಅವರೇ ಬರೆದರು: ಎಲೆಗಳು ನಡುವೆಯೇ ಇರಲಿ, ಮುಂದಿನ ಸುತ್ತು ಗೆದ್ದವರಿಗೆ ಸೇರಲಿ.